ಹಳೆಯ ಗೋಡೆ ಬಿಚ್ಚಿಕೊಳ್ಳದ ಹಾಗೆ

1997ರ ಸೆಪ್ಟೆಂಬರ್ 26ರಂದು ಬೆಳಕು ಹರಿಯುವ ಮೊದಲೇ ಇಟಲಿಯ ಅಸ್ಸೀಸಿ ಪಟ್ಟಣ ನಡುಗಿತು. ಸಂತ ಫ್ರಾನ್ಸಿಸರ ಸಮಾಧಿಯ ಮೇಲೆ 13ನೇ ಶತಮಾನದಲ್ಲಿ ಎದ್ದ ಬೆಸಿಲಿಕಾ ನಿಂತೇ ಇತ್ತು. ಚಾವಣಿಯಿಂದ ಒಂದಿಷ್ಟು ಗಾರೆ ಉದುರಿತ್ತು, ಬಿರುಕುಗಳು ಕಾಣಿಸಿದ್ದವು. ಎಷ್ಟು ಪೆಟ್ಟಾಗಿದೆ ಎಂದು ನೋಡಲು ಹೊತ್ತೇರಿದ ಮೇಲೆ ಒಂದು ಗುಂಪು ಒಳಗೆ ಹೋಯಿತು. 11 ಗಂಟೆ 40 ನಿಮಿಷಕ್ಕೆ ಎರಡನೆಯ ಕಂಪನ ಬಂತು. ಅದು ಮೊದಲಿನದಕ್ಕಿಂತ ಜೋರು. ಕಮಾನು ಚಾವಣಿ ಎರಡು ಕಡೆ ಕಳಚಿ ಬಿತ್ತು. ಇಬ್ಬರು ಮಠವಾಸಿಗಳು, ಇಬ್ಬರು ತಂತ್ರಜ್ಞರು ಅದರಡಿ ಸಿಕ್ಕಿ ಪ್ರಾಣ ಬಿಟ್ಟರು. ಒಳಗಿದ್ದ ಕ್ಯಾಮೆರಾ ಆ ಕ್ಷಣವನ್ನು ಹಿಡಿದಿಟ್ಟಿತು. ಶತಮಾನಗಳ ಭಿತ್ತಿಚಿತ್ರಗಳು ಚೂರುಚೂರಾಗಿ ನೆಲದ ಮೇಲೆ ಹರಡಿದ್ದವು.

ಇಷ್ಟು ಕಾಲ ನಿಂತ ಚಾವಣಿ ಅಂದೇ ಏಕೆ ಬಿತ್ತು? ಕಟ್ಟಡ ಹಳೆಯದಾಗಿತ್ತು, ಬಿತ್ತು ಎಂದು ಹೇಳಿ ಮುಗಿಸಬಹುದಿತ್ತು. ಎಂಜಿನಿಯರ್ ಜಾರ್ಜಿಯೊ ಕ್ರೋಚಿ ಮತ್ತು ಅವರ ತಂಡ ಹಾಗೆ ಮಾಡಲಿಲ್ಲ, ಚಾವಣಿಯ ಮೇಲ್ಭಾಗಕ್ಕೆ ಹೋಗಿ ನೋಡಿತು. ಕಮಾನಿನ ಬಾಗು ಗೋಡೆಯನ್ನು ಸೇರುವ ಕಡೆ ಮೇಲಿನಿಂದ ಒಂದು ತಗ್ಗು ಉಂಟಾಗುತ್ತದೆ. ಆ ತಗ್ಗಿನ ತುಂಬ ರಾಶಿ ರಾಶಿ ಕಸ ಇತ್ತು: ಒಡೆದ ಹೆಂಚು, ಗಾರೆಯ ಹೆಂಟೆ, ಕಲ್ಲಿನ ಚೂರು, ಧೂಳು. ಶತಮಾನಗಳಿಂದ ಮಾಡು ರಿಪೇರಿ ಮಾಡಿದವರು ಉಳಿಕೆಯನ್ನು ಕೆಳಗಿಳಿಸದೆ ಅಲ್ಲಿಯೇ ಸುರಿದು ಹೋಗಿದ್ದರು. ಭೂಮಿ ಅಲುಗಿದಾಗ ಈ ಸಡಿಲ ರಾಶಿ ಕಮಾನಿನ ಜೊತೆ ಅತ್ತಿಂದಿತ್ತ ಓಲಾಡಲಿಲ್ಲ. ಕಮಾನು ಒಂದು ಕಡೆ ಸರಿದಾಗ ತೆರವಾದ ಜಾಗಕ್ಕೆ ಜಾರಿ ಕೂತಿತು, ಕಮಾನು ಹಿಂದಕ್ಕೆ ಬರಲು ಬಿಡಲಿಲ್ಲ. ಪ್ರತಿ ಹೊಯ್ದಾಟಕ್ಕೂ ಬಾಗು ಇಷ್ಟಿಷ್ಟೇ ಚಪ್ಪಟೆಯಾಯಿತು. ಬಾಗು ಹೋದ ಕಮಾನಿಗೆ ತನ್ನ ಭಾರವನ್ನು ಗೋಡೆಗೆ ದಾಟಿಸುವ ದಾರಿಯೇ ಇಲ್ಲ.

ದುರಸ್ತಿಯಾದದ್ದೂ ಅಷ್ಟೇ ವಿವೇಕದಿಂದ. ಉಳಿದ ಚಾವಣಿಯ ಮೇಲೆ ಕಾಲಿಡುವ ಹಾಗಿರಲಿಲ್ಲ, ಆದ್ದರಿಂದ ಮಾಡಿನಿಂದ ಇಳಿಬಿಟ್ಟ ಅಟ್ಟಣಿಗೆಗಳ ಮೇಲಿಂದ ಕೆಲಸ ನಡೆಯಿತು. ಮೊದಲು ಕಸ ಖಾಲಿಯಾಯಿತು. ಬಿರುಕುಗಳಿಗೆ ಉಪ್ಪಿನ ಅಂಶವಿಲ್ಲದ ತೆಳು ಗಾರೆ ತುಂಬಿದರು, ಏಕೆಂದರೆ ಉಪ್ಪು ಕೆಳಗಿಳಿದರೆ ಅಡಿಯಲ್ಲಿರುವ ಚಿತ್ರಗಳ ಬಣ್ಣ ಏಳುತ್ತದೆ. ಆಮೇಲೆ ಕಮಾನಿನ ಬೆನ್ನಿನ ಮೇಲೆ, ಕೆಳಗೆ ನಿಂತವರಿಗೆ ಕಾಣದ ಹಾಗೆ, ಮರದ ತಿರುಳಿಗೆ ಅರಮಿಡ್ ನಾರಿನ ಹೊದಿಕೆ ಹಾಕಿದ ತೆಳುವಾದ ಪಕ್ಕೆಲುಬುಗಳನ್ನು ಕೂರಿಸಿದರು. ಅವನ್ನು ಸ್ಪ್ರಿಂಗ್ ಇರುವ ಸರಳುಗಳಿಂದ ಮಾಡಿಗೆ ತೂಗುಹಾಕಿದರು. ಚಾವಣಿ ಅಲುಗಬಹುದು, ಆದರೆ ಆಕಾರ ಬಿಡುವಂತಿಲ್ಲ. 1999ರ ನವೆಂಬರ್‌ನಲ್ಲಿ ಬೆಸಿಲಿಕಾದ ಬಾಗಿಲು ಮತ್ತೆ ತೆರೆಯಿತು.

ಅಸ್ಸೀಸಿಯನ್ನು ಇಷ್ಟು ಬಿಡಿಸಿ ಹೇಳಿದ್ದಕ್ಕೆ ಕಾರಣವಿದೆ. ಕಲ್ಲು, ಇಟ್ಟಿಗೆ, ಗಾರೆಯ ಹಳೆಯ ಕಟ್ಟಡವನ್ನು ಭೂಕಂಪಕ್ಕೆ ಗಟ್ಟಿ ಮಾಡುವುದು ಎಂದೊಡನೆ ನಮ್ಮಲ್ಲಿ ಹೆಚ್ಚಿನವರ ಮನಸ್ಸಿಗೆ ಬರುವುದು ಒಂದು ದಪ್ಪ ಕಾಂಕ್ರೀಟ್ ಚೌಕಟ್ಟು. ಅಸ್ಸೀಸಿಯಲ್ಲಿ ಮೊದಲು ಆದದ್ದು ಭಾರ ಇಳಿಸುವ ಕೆಲಸ, ನಂತರ ಬಿಗಿಯುವ ಕೆಲಸ. ಈ ಅನುಕ್ರಮ ತಪ್ಪಿದಲ್ಲೆಲ್ಲ ಅನಾಹುತವಾಗಿದೆ. ಹಳೆಯ ಕಟ್ಟಡ ಬೀಳುವುದು ವಯಸ್ಸಾಗಿ ಅಲ್ಲ, ಅದರ ಭಾಗಗಳು ಒಂದನ್ನೊಂದು ಬಿಟ್ಟು ದೂರ ಸರಿದು.

ಕಲ್ಲಿನ ಗೋಡೆ ಮೇಲಿನಿಂದ ಬರುವ ಭಾರವನ್ನು ನೂರಾರು ವರ್ಷ ಹೊರುತ್ತದೆ. ಅದಕ್ಕೆ ಒಗ್ಗದಿರುವುದು ಅಡ್ಡ ಎಳೆತ. ನೆಲ ಪಕ್ಕಕ್ಕೆ ಸರಿದಾಗ ಕಟ್ಟಡದ ಪ್ರತಿ ಕಿಲೋ ತೂಕವೂ ಸರಿಯಲಾರೆ ಎಂದು ಹಿಡಿದು ನಿಲ್ಲುತ್ತದೆ. ತೂಕ ಹೆಚ್ಚಿದಷ್ಟೂ ಎಳೆತ ಹೆಚ್ಚು. ಗೋಡೆಯ ಉದ್ದಕ್ಕೇ ಎಳೆದರೆ ಅದು ಸಾಕಷ್ಟು ತಡೆದುಕೊಳ್ಳುತ್ತದೆ, ಹೆಚ್ಚೆಂದರೆ ಓರೆಯಾಗಿ ಬಿರುಕು ಬಿಡುತ್ತದೆ. ಅಡ್ಡಕ್ಕೆ ಎಳೆದರೆ ಮಾತ್ರ ಬುಡದಿಂದ ಮಗುಚಿ ಬೀಳುತ್ತದೆ. ಕಟ್ಟಡದಲ್ಲಿ ಗೋಡೆಗಳು ಎರಡೂ ದಿಕ್ಕಿಗೆ ಇರುತ್ತವಲ್ಲ, ಒಂದು ಮಗುಚುವಾಗ ಅದಕ್ಕೆ ಅಡ್ಡಲಾಗಿ ನಿಂತ ಇನ್ನೊಂದು ಹಿಡಿದುಕೊಳ್ಳಬೇಕು. ಹಾಗೆ ಹಿಡಿಯಬೇಕಾದರೆ ಮೂಲೆಯಲ್ಲಿ ಎರಡೂ ಗೋಡೆಗಳ ಕಲ್ಲುಗಳು ಒಂದರೊಳಗೊಂದು ಹೆಣೆದಿರಬೇಕು, ತೊಲೆಗಳು ಗೋಡೆಯ ಮೇಲೆ ಬರೀ ಕೂತಿರದೆ ಕಚ್ಚಿಕೊಂಡಿರಬೇಕು. ಹಿಡಿತ ಇರುವಲ್ಲಿ ಬಿರುಕು ಬಿಟ್ಟ ಮನೆ ಸಿಗುತ್ತದೆ, ಹಿಡಿತ ಇಲ್ಲದಲ್ಲಿ ಕಲ್ಲಿನ ಗುಡ್ಡೆ ಸಿಗುತ್ತದೆ.

ಕಿಲ್ಲಾರಿಯಲ್ಲಿ ಸಿಕ್ಕಿದ್ದು ಕಲ್ಲಿನ ಗುಡ್ಡೆ. 1993ರ ಸೆಪ್ಟೆಂಬರ್ 30, ಗಣಪತಿ ವಿಸರ್ಜನೆಯ ಮರುದಿನ, ಬೆಳಗಿನ ನಾಲ್ಕು ಗಂಟೆಗೆ ಸ್ವಲ್ಪ ಮುಂಚೆ. ಊರು ಮಲಗಿತ್ತು. ಮಹಾರಾಷ್ಟ್ರದ ಲಾತೂರ್, ಉಸ್ಮಾನಾಬಾದ್ ಜಿಲ್ಲೆಗಳಲ್ಲಿ ಎಂಟರಿಂದ ಹತ್ತು ಸಾವಿರ ಜನ ಸತ್ತರು. ಗಡಿಯ ಈಚೆ ಬೀದರ್, ಕಲಬುರಗಿಯ ಜನ ಎದ್ದು ಬೀದಿಗೆ ಓಡಿದರು. ಕಂಪನದ ಪ್ರಮಾಣ ಸುಮಾರು 6.2. ಜಗತ್ತಿನಲ್ಲಿ ಪ್ರತಿ ವರ್ಷ ಅಂಥವು ನೂರರ ಆಸುಪಾಸು ಆಗುತ್ತವೆ, ಹೆಚ್ಚಿನವು ಯಾರನ್ನೂ ಕೊಲ್ಲುವುದಿಲ್ಲ. ಇಲ್ಲಿ ಕೊಂದದ್ದು ಮನೆಗಳು.

ಆ ಮನೆಗಳು ಉತ್ತರ ಕರ್ನಾಟಕದವರಿಗೆ ಹೊಸವಲ್ಲ. ಎರಡು ಅಡಿ, ಮೂರು ಅಡಿ ದಪ್ಪದ ಕಲ್ಲುಗೋಡೆ, ಮಣ್ಣಿನ ಗಾರೆ, ಮರದ ಕಂಬ, ತೊಲೆ, ಜಂತಿ, ಅದರ ಮೇಲೆ ಹಲಗೆ, ಹಲಗೆಯ ಮೇಲೆ ಮಣ್ಣು. ನಮ್ಮ ಮಾಳಿಗೆ ಮನೆಯೇ. ಬೇಸಿಗೆಯಲ್ಲಿ ತಂಪು, ಚಳಿಯಲ್ಲಿ ಬೆಚ್ಚಗೆ. ಮಳೆಗಾಲ ಬಂದಾಗ ಸೋರುತ್ತದೆಂದು ಮತ್ತಷ್ಟು ಮಣ್ಣು ಹಾಕುತ್ತಾರೆ, ಹಳೆಯದನ್ನು ತೆಗೆಯುವುದಿಲ್ಲ. ಒಂದೆರಡು ತಲೆಮಾರು ಕಳೆಯುವಷ್ಟರಲ್ಲಿ ಅದು ಎರಡು ಅಡಿಯ ತನಕ ಏರಿರುತ್ತದೆ. ಅಸ್ಸೀಸಿಯ ಕಸದ ರಾಶಿಯೂ ಮಾಳಿಗೆಯ ಮೇಲಿನ ಈ ಮಣ್ಣೂ ಭೂಕಂಪದ ಲೆಕ್ಕದಲ್ಲಿ ಒಂದೇ.

ಗೋಡೆಯ ಕಥೆ ಇನ್ನೂ ಕೆಟ್ಟದ್ದು. ಹೊರಗಿನಿಂದ ನೋಡಿದರೆ ಮೂರು ಅಡಿಯ ಗೋಡೆ ಕೋಟೆಯಂತೆ ಕಾಣುತ್ತದೆ. ಒಳಗೆ ಅದು ಒಂದು ಗೋಡೆಯಲ್ಲ, ಎರಡು. ಹೊರಮುಖಕ್ಕೆ ಒಂದು ಸಾಲು ಕಲ್ಲು, ಒಳಮುಖಕ್ಕೆ ಒಂದು ಸಾಲು, ನಡುವೆ ಜಲ್ಲಿ, ಚೂರುಕಲ್ಲು, ಮಣ್ಣು. ಬಲ್ಲ ಗೌಂಡಿ ಕಟ್ಟುವಾಗ ಅಲ್ಲಲ್ಲಿ ಒಂದು ಮುಖದಿಂದ ಇನ್ನೊಂದು ಮುಖಕ್ಕೆ ಹಾಯುವ ಉದ್ದ ಕಲ್ಲು ಇಟ್ಟು ಎರಡನ್ನೂ ಕೂಡಿಸುತ್ತಾನೆ. ಅಂಥ ಕಲ್ಲು ಸಿಗುವುದು ದುಬಾರಿ, ಎತ್ತಿಡುವುದು ಕಷ್ಟ, ಗೋಡೆ ಎದ್ದ ಮೇಲೆ ಅದು ಇದೆಯೋ ಇಲ್ಲವೋ ಯಾರಿಗೂ ಕಾಣುವುದಿಲ್ಲ. ಇಲ್ಲದಿದ್ದರೆ ನಡುಕದಲ್ಲಿ ನಡುವಿನ ಜಲ್ಲಿ ಕೆಳಗಿಳಿದು ಎರಡೂ ಮುಖಗಳನ್ನು ಹೊರಕ್ಕೆ ನೂಕುತ್ತದೆ. ಗೋಡೆ ಉಬ್ಬುತ್ತದೆ, ನಂತರ ಒಂದು ಮುಖ ಕಳಚಿ ಬೀಳುತ್ತದೆ. ಕಿಲ್ಲಾರಿಯಲ್ಲಿ ಗೋಡೆಗಳೆಲ್ಲ ಸುತ್ತ ಉದುರಿ, ಮರದ ಕಂಬ ತೊಲೆಗಳು ಮಾತ್ರ ನಡುವೆ ನಿಂತಿದ್ದ ಮನೆಗಳಿದ್ದವು. ಮರಕ್ಕೆ ಮರ ಕಚ್ಚಿಕೊಂಡಿತ್ತು, ಕಲ್ಲಿಗೆ ಕಲ್ಲು ಕಚ್ಚಿಕೊಂಡಿರಲಿಲ್ಲ. ಬದುಕುಳಿದವರು ಕಲ್ಲನ್ನೇ ಶಪಿಸಿದರು, ಮತ್ತೆ ಕಲ್ಲಿನ ಮನೆ ಬೇಡ ಎಂದರು. ಮನೆಮಂದಿಯನ್ನು ಕಲ್ಲಿನಡಿಯಿಂದ ಹೊರತೆಗೆದವರ ಮಾತು ಅದು. ಆದರೆ ತಪ್ಪು ಕಲ್ಲಿನದಾಗಿರಲಿಲ್ಲ.

ಬೀಳದೆ ಉಳಿದ ಮನೆಗಳನ್ನು ಗಟ್ಟಿ ಮಾಡಲು ಆಗ ಹೇಳಿಕೊಟ್ಟ ಕೆಲಸ ಎಷ್ಟು ಸರಳವಾದದ್ದೆಂದರೆ, ಅದನ್ನು ಹತ್ತಿರದಿಂದ ನೋಡಬೇಕು. ಗೋಡೆಯ ಮೇಲೆ ಸುಮಾರು ಮೂರು ಅಡಿಗೊಂದರಂತೆ ಗುರುತು ಹಾಕುತ್ತಾರೆ. ಗುರುತಿನ ಕಲ್ಲಿನ ಸುತ್ತ ಮಣ್ಣನ್ನು ಕೆರೆದು, ಸಣ್ಣ ಹಾರೆಯಿಂದ ಮೆಲ್ಲಗೆ ಮೇಲೆ ಕೆಳಗೆ ಎಡ ಬಲ ಅಲುಗಿಸಿ ಕಲ್ಲನ್ನು ಸಡಿಲಿಸಿ ಹೊರತೆಗೆಯುತ್ತಾರೆ. ಸುತ್ತಿಗೆ ಬೀಸುವ ಹಾಗಿಲ್ಲ, ಬೀಸಿದರೆ ಅಕ್ಕಪಕ್ಕದ ಕಲ್ಲೂ ಕದಲುತ್ತದೆ. ನಡುವಿನ ಜಲ್ಲಿಯನ್ನು ಕೈಯಿಂದಲೇ ತೆಗೆದು, ಆಚೆ ಮುಖದ ಕಲ್ಲನ್ನೂ ಹಾಗೆಯೇ ಬಿಡಿಸಿದರೆ ಗೋಡೆಯಲ್ಲಿ ಆರಪಾರು ಒಂದು ಕಿಂಡಿಯಾಗುತ್ತದೆ. ಎರಡು ತುದಿಗೆ ಅಗಲ, ನಡುವೆ ಕಿರಿದು. ಅದರೊಳಗೆ ಎರಡೂ ತುದಿ ಕೊಕ್ಕೆಯಾಗಿ ಬಾಗಿಸಿದ 8 ಮಿಲಿಮೀಟರ್ ಸರಳು ಇಟ್ಟು ಕಾಂಕ್ರೀಟ್ ತುಂಬಿ ಹತ್ತು ದಿನ ನೀರುಣಿಸುತ್ತಾರೆ. ಅಷ್ಟೇ. ಮೊದಲು ಇಡದೆ ಬಿಟ್ಟಿದ್ದ ಉದ್ದ ಕಲ್ಲನ್ನು ಈಗ ಇಟ್ಟಂತಾಯಿತು. ಕಾಂಕ್ರೀಟ್ ಬಳಸಿದ್ದು ಎಷ್ಟು ಎಂದು ನೋಡಿ: ಒಂದು ಕಿಂಡಿಗೆ ಒಂದೆರಡು ಬಾಂಡಲಿ. ಅದರ ಜೊತೆಗೆ ಬಾಗಿಲು ಕಿಟಕಿಗಳ ಮೇಲಿನ ಮಟ್ಟದಲ್ಲಿ ಮನೆಯ ಸುತ್ತ ಬೆಸುಗೆಯ ತಂತಿಜಾಲರಿಯ ಒಂದು ಪಟ್ಟಿ, ಕಂಬ ತೊಲೆ ಸೇರುವಲ್ಲಿ ಓರೆಯಾಗಿ ಒಂದು ಮರದ ಆನಿಕೆ, ಮಾಳಿಗೆಯ ಮಣ್ಣು ಸುಮಾರು ಎಂಟು ಇಂಚಿಗೆ ಇಳಿಕೆ. ಈ ಕ್ರಮವೆಲ್ಲ ಭಾರತೀಯ ಮಾನಕ 13935ರಲ್ಲಿ ಇದೆ. ಅದರ ಮೊದಲ ಆವೃತ್ತಿ ಬಂದದ್ದು 1993ರಲ್ಲಿಯೇ.

ಇದೇ ಹೊತ್ತಿನಲ್ಲಿ ಇಟಲಿಯವರು ಒಂದು ಕಹಿ ಪಾಠ ಕಲಿಯುತ್ತಿದ್ದರು. 1976ರಲ್ಲಿ ಈಶಾನ್ಯದ ಫ್ರಿಯೂಲಿಯಲ್ಲಿ ಭೂಕಂಪವಾಗಿ ಸಾವಿರದಷ್ಟು ಜನ ಸತ್ತ ಮೇಲೆ ಹಳೆಯ ಮನೆಗಳನ್ನು ಬಲಪಡಿಸಲು ಒಂದು ಪದ್ಧತಿ ಎಲ್ಲೆಡೆ ಹಬ್ಬಿತು. ಮರದ ಅಂತಸ್ತು ತೆಗೆದು ಕಾಂಕ್ರೀಟ್ ಸ್ಲ್ಯಾಬ್ ಹಾಕುವುದು, ಗೋಡೆಯ ತಲೆಯ ಮೇಲೆ ಕಾಂಕ್ರೀಟ್ ತೊಲೆ ಸುತ್ತುವುದು. ನಿಯಮ ಪುಸ್ತಕಗಳೂ ಅದನ್ನೇ ಹೇಳಿದವು. ಯೋಚನೆ ಕೆಟ್ಟದ್ದಾಗಿರಲಿಲ್ಲ, ಗೋಡೆಗಳನ್ನು ಮೇಲಿನಿಂದ ಕೂಡಿಸಬೇಕು ಎಂಬುದೇ ಅದರ ಹಿಂದೆ ಇತ್ತು. 1997ರಲ್ಲಿ ಅಸ್ಸೀಸಿಯನ್ನು ನಡುಗಿಸಿದ ಅದೇ ಕಂಪನಗಳು ಅಂಬ್ರಿಯಾದ ಸೆಲ್ಲಾನೊ ಎಂಬ ಪುಟ್ಟ ಊರನ್ನು ತಟ್ಟಿದಾಗ ಹೀಗೆ ಬಲಪಡಿಸಿದ ಮನೆಗಳೇ ಕೆಟ್ಟದಾಗಿ ಒಡೆದವು. ಕೆಳಗಿನ ಗೋಡೆ ಎರಡು ಮುಖದ, ಸಡಿಲ ಹೊಟ್ಟೆಯ ಹಳೆಯ ಗೋಡೆಯೇ. ಅದರ ಮೇಲೆ ಗಡುಸಾದ, ಭಾರವಾದ ಚಪ್ಪಡಿ. ನೆಲ ಅಲುಗಿದಾಗ ಚಪ್ಪಡಿ ಇಡಿಯಾಗಿ ಓಡಾಡಿತು, ಗೋಡೆಯ ಮೇಲ್ಭಾಗವನ್ನು ಗುದ್ದಿ ಹೊರಕ್ಕೆ ತಳ್ಳಿತು. ಕೆಲವು ಕಡೆ ಕಾಂಕ್ರೀಟ್ ತೊಲೆ ಗೋಡೆಯ ಒಳಮುಖದ ಮೇಲೆ ಮಾತ್ರ ಕೂತಿತ್ತು, ಹೊರಮುಖಕ್ಕೆ ಮೇಲಿನ ಭಾರವೂ ಇಲ್ಲದೆ ಅದು ಸುಲಭವಾಗಿ ಸಿಪ್ಪೆ ಬಿಟ್ಟಿತು. ಇದಾದ ಮೇಲೆ ಇಟಲಿಯ ಎಂಜಿನಿಯರುಗಳು ಮರದ ಅಂತಸ್ತನ್ನು ಉಳಿಸಿಕೊಂಡು, ಮೇಲೊಂದು ಅಡ್ಡ ಹಲಗೆಯ ಪದರ ಹೊಡೆದು, ಅದನ್ನು ಗೋಡೆಗೆ ಸರಳುಗಳಿಂದ ಬಂಧಿಸುವ ಹಗುರ ವಿಧಾನಗಳ ಕಡೆ ಹೊರಳಿದರು.

ನನಗೆ ಈ ಪ್ರಕರಣ ಪದೇ ಪದೇ ನೆನಪಾಗುವುದು ನಮ್ಮ ಊರುಗಳ ಜೀರ್ಣೋದ್ಧಾರಗಳನ್ನು ನೋಡುವಾಗ. ಹಳೆಯ ಕಲ್ಲಿನ ಗುಡಿಯ ಮೇಲೆ ಸೋರುತ್ತದೆಂದು ಆರು ಇಂಚಿನ ಕಾಂಕ್ರೀಟ್ ಹೊದಿಸುತ್ತಾರೆ, ಅದರ ಮೇಲೆ ಸಿಮೆಂಟಿನ ಗೋಪುರ ಎತ್ತುತ್ತಾರೆ. ಊರಿನವರ ಭಕ್ತಿ, ದುಡ್ಡು, ಶ್ರಮ ಎಲ್ಲವೂ ಅದರಲ್ಲಿದೆ. ಅಡಿಯಲ್ಲಿರುವ ಗಾರೆಯಿಲ್ಲದ ಕಲ್ಲಿನ ಕಂಬಗಳಿಗೆ ಮಾತ್ರ ಅದು ಹಿಂದೆಂದೂ ಹೊರದ ಭಾರ.

ಬಿಗಿಯುವ ಹಳೆಯ ಉಪಾಯ ಕಬ್ಬಿಣದ ಸರಳು. ಇಟಲಿಯ ಯಾವ ಹಳೆಯ ಪಟ್ಟಣದಲ್ಲಿ ನಡೆದರೂ ಗೋಡೆಗಳ ಹೊರಗೆ ಕಬ್ಬಿಣದ ಬಿಲ್ಲೆಗಳು, ಅಡ್ಡಪಟ್ಟಿಗಳು ಕಾಣುತ್ತವೆ. ಒಳಗೆ ಅಂತಸ್ತಿನ ಮಟ್ಟದಲ್ಲಿ ಈ ಗೋಡೆಯಿಂದ ಎದುರು ಗೋಡೆಗೆ ಹಾಯ್ದ ಸರಳಿನ ತುದಿಗಳವು. ಎರಡು ಗೋಡೆಗಳು ಒಂದನ್ನೊಂದು ಬಿಟ್ಟು ಹೊರಕ್ಕೆ ವಾಲದಂತೆ ಹಿಡಿದಿಡುವುದಷ್ಟೇ ಅದರ ಕೆಲಸ. ಬಂಡಿಯ ಗಾಲಿಗೆ ಕಮ್ಮಾರ ಕಬ್ಬಿಣದ ಹಳಿಯನ್ನು ಕೆಂಪಗೆ ಕಾಯಿಸಿ ತೊಡಿಸಿ ನೀರೆರೆಯುತ್ತಾನಲ್ಲ, ಆರಿದಾಗ ಅದು ಕುಗ್ಗಿ ಬಿಡಿಬಿಡಿ ಮರದ ತುಂಡುಗಳನ್ನು ಒಂದೇ ಗಾಲಿಯಾಗಿ ಹಿಡಿಯುತ್ತದೆ. 19ನೇ ಶತಮಾನದ ಆರಂಭದಲ್ಲಿ ಪ್ಯಾರಿಸ್ಸಿನಲ್ಲಿ ಮೊಲಾರ್ ಎಂಬವರು ಹೊರಕ್ಕೆ ವಾಲಿದ್ದ ಗೋಡೆಗಳನ್ನು ಇದೇ ತತ್ವದಿಂದ ಒಳಕ್ಕೆ ಎಳೆದರು. ಸರಳನ್ನು ಕಾಯಿಸುವುದು, ಹಿಗ್ಗಿದಾಗ ನಟ್ಟು ಬಿಗಿಯುವುದು, ಆರಲು ಬಿಡುವುದು, ಮತ್ತೆ ಕಾಯಿಸುವುದು. ಅದಕ್ಕೂ ಮೊದಲು, 1740ರ ದಶಕದಲ್ಲಿ, ರೋಮಿನ ಸೇಂಟ್ ಪೀಟರ್ಸ್ ಗುಮ್ಮಟ ಬಿರುಕು ಬಿಟ್ಟು ಆತಂಕ ಹುಟ್ಟಿಸಿದಾಗ ಪಡುವಾದ ವಿದ್ವಾಂಸ ಜಿಯೊವಾನ್ನಿ ಪೊಲೇನಿ ಗುಮ್ಮಟದ ಸುತ್ತ ಇನ್ನಷ್ಟು ಕಬ್ಬಿಣದ ಬಳೆಗಳನ್ನು ತೊಡಿಸಲು ಸಲಹೆ ಕೊಟ್ಟರು. ಐದು ಹೊಸ ಬಳೆ ಹಾಕಿದರು. ಗುಮ್ಮಟ ಇವತ್ತಿಗೂ ಇದೆ.

ಹೀಗೆ ಬಿಗಿದದ್ದರ ಫಲ 2016ರಲ್ಲಿ ಕಣ್ಣಾರೆ ಕಂಡಿತು. ಆ ವರ್ಷ ಆಗಸ್ಟ್ 24ರಂದು ಮಧ್ಯ ಇಟಲಿಯ ಅಮಾತ್ರಿಚೆ ಪಟ್ಟಣ ನೆಲಸಮವಾಯಿತು, ಅಲ್ಲಿಯೂ ಸುತ್ತಮುತ್ತಲೂ ಸೇರಿ ಮುನ್ನೂರರ ಹತ್ತಿರ ಜನ ಸತ್ತರು. ಅಲ್ಲಿಗೆ ದೂರವೇನೂ ಅಲ್ಲದ ನೋರ್ಚಾದಲ್ಲಿ ಒಬ್ಬರೂ ಸಾಯಲಿಲ್ಲ. ಅಲ್ಲಿ 1859ರ ಭೂಕಂಪದ ನಂತರವೇ ಮನೆಗಳ ಎತ್ತರಕ್ಕೆ ಮಿತಿ ಬಂದಿತ್ತು. 1979 ಮತ್ತು 1997ರ ಕಂಪನಗಳ ನಂತರ ಮನೆಮನೆಗೆ ಸರಳು, ಬಿಗಿ, ಗೋಡೆಗೆ ಗಾರೆ ತುಂಬುವ ಕೆಲಸ ನಡೆದಿತ್ತು. ಅಕ್ಟೋಬರ್ 30ರಂದು 6.5 ಪ್ರಮಾಣದ ಇನ್ನೊಂದು ಕಂಪನ ನೋರ್ಚಾದ ಅಡಿಯಲ್ಲೇ ಬಂತು ಎನ್ನಬೇಕು, ಅಷ್ಟು ಹತ್ತಿರ. ಆಗಲೂ ಮನೆಗಳು ಜನರನ್ನು ಕೊಲ್ಲಲಿಲ್ಲ. ಚರ್ಚುಗಳು ಬಿದ್ದವು. ಸಂತ ಬೆನೆಡಿಕ್ಟರ ಬೆಸಿಲಿಕಾದ ಎದುರುಗೋಡೆ ಒಂದೇ ನಿಂತು ಉಳಿದದ್ದೆಲ್ಲ ಮಣ್ಣುಗೂಡಿತು. ಎತ್ತರದ ಗೋಡೆ, ವಿಶಾಲವಾದ ಒಳಾಂಗಣ, ನಡುವೆ ಅಡ್ಡಗೋಡೆಗಳೇ ಇಲ್ಲದ ಕಟ್ಟಡವನ್ನು ಹಿಡಿದಿಡುವುದು ಮನೆಯನ್ನು ಹಿಡಿದಿಡುವುದಕ್ಕಿಂತ ಬಹಳ ಕಷ್ಟ.

ಬಿಗಿಯಲು ಬಳಸುವ ಲೋಹವೇ ಕಟ್ಟಡವನ್ನು ಒಡೆದದ್ದೂ ಇದೆ. ಅಥೆನ್ಸಿನ ಪಾರ್ಥೆನಾನ್ ಕಟ್ಟಿದ ಗ್ರೀಕರು ಅಮೃತಶಿಲೆಯ ತುಂಡುಗಳನ್ನು ಕಬ್ಬಿಣದ ಕೊಕ್ಕೆಗಳಿಂದ ಕೂಡಿಸಿ, ಕೊಕ್ಕೆಯ ಸುತ್ತ ಸೀಸ ಕರಗಿಸಿ ಹೊಯ್ದಿದ್ದರು. ಸೀಸ ನೀರನ್ನು ದೂರವಿಟ್ಟಿತು, ನಡುಕವನ್ನೂ ಅಷ್ಟಿಷ್ಟು ನುಂಗಿತು. 20ನೇ ಶತಮಾನದ ಆರಂಭದ ದಶಕಗಳಲ್ಲಿ ದುರಸ್ತಿ ಮಾಡಿದ ನಿಕೊಲಾವೊಸ್ ಬಲಾನೊಸ್ ಸೀಸದ ಹೊದಿಕೆ ಇಲ್ಲದೆ ಕಬ್ಬಿಣ ಹಾಕಿದರು. ಕಬ್ಬಿಣ ತುಕ್ಕು ಹಿಡಿದು ಉಬ್ಬಿ ಶಿಲೆಯನ್ನು ಒಳಗಿನಿಂದ ಸೀಳಿತು. 1970ರ ದಶಕದಿಂದ ಈಚೆಗೆ ಅಲ್ಲಿ ಕೆಲಸ ಮಾಡುತ್ತಿರುವವರ ದೊಡ್ಡ ಪಾಲು ಶ್ರಮ ಆ ಕಬ್ಬಿಣವನ್ನು ಬಿಡಿಸಿ ಟೈಟಾನಿಯಂ ಕೂರಿಸುವುದಕ್ಕೇ ಹೋಗಿದೆ. ಪರಂಪರೆಯ ಕಟ್ಟಡಕ್ಕೆ ಏನನ್ನು ಸೇರಿಸಿದರೂ ನಾಳೆ ಅದನ್ನು ಕಟ್ಟಡಕ್ಕೆ ನೋವಾಗದಂತೆ ತೆಗೆಯಲು ಬರಬೇಕು ಎಂಬ ನಿಯಮವನ್ನು ಸಂರಕ್ಷಕರು ಇಷ್ಟು ಗಟ್ಟಿಯಾಗಿ ಹಿಡಿದಿರುವುದು ಇಂಥ ಅನುಭವಗಳಿಂದ. ಗೋಡೆಯೊಳಗೆ ಸಿಮೆಂಟು ಹಾಲು ಪಂಪು ಮಾಡಿದರೆ ಅದನ್ನು ಯಾರೂ ಹೊರತೆಗೆಯಲಾರರು. ಸುಣ್ಣದ ಗಾರೆ ಹಾಗಲ್ಲ. ಅದು ಹಳೆಯ ಕಲ್ಲಿಗಿಂತ ಮೆದು, ತೇವವನ್ನು ಹೊರಬಿಡುತ್ತದೆ, ಒತ್ತಡ ಹೆಚ್ಚಾದರೆ ತಾನು ಬಿರುಕು ಬಿಟ್ಟು ಕಲ್ಲನ್ನು ಉಳಿಸುತ್ತದೆ.

ಹಳೆಯ ಕಟ್ಟಡಕ್ಕೆ ಕಾಂಕ್ರೀಟ್ ಬೇಕೇ ಎಂಬ ಚರ್ಚೆ ದಕ್ಷಿಣ ಏಷ್ಯಾದಲ್ಲಿ ಬೀದಿಗೆ ಬಂದದ್ದು ನೇಪಾಳದಲ್ಲಿ. 2015ರ ಏಪ್ರಿಲ್ 25ರ ಭೂಕಂಪದಲ್ಲಿ ಕಾಠ್ಮಂಡುವಿನ ಕಾಷ್ಠಮಂಡಪ ಪೂರ್ತಿ ಕುಸಿಯಿತು. ನಗರಕ್ಕೆ ಹೆಸರು ಕೊಟ್ಟ ಮಂಟಪವದು. ಆ ಮಧ್ಯಾಹ್ನ ಒಳಗೆ ರಕ್ತದಾನ ಶಿಬಿರ ನಡೆಯುತ್ತಿತ್ತು, ರಕ್ತ ಕೊಡಲು ಬಂದವರೇ ಸತ್ತರು. ತಳಪಾಯ ಹಳೆಯದು, ಶಕ್ತಿ ಸಾಲದು, ಹೊಸ ಕಾಂಕ್ರೀಟ್ ತಳಪಾಯ ಹಾಕಬೇಕು ಎಂದು ಯಾರಿಗಾದರೂ ಅನಿಸುವಂತಿತ್ತು. ನೇಪಾಳದ ಪುರಾತತ್ವ ಇಲಾಖೆಯೂ ಬ್ರಿಟನ್ನಿನ ಡರ್ಹಮ್ ವಿಶ್ವವಿದ್ಯಾಲಯದ ತಜ್ಞರೂ ಅಗೆದು ನೋಡಿದರು. 12ನೇ ಶತಮಾನದ್ದೆಂದು ತಿಳಿದಿದ್ದ ಕಟ್ಟಡದ ಬುನಾದಿ 7ನೇ ಶತಮಾನದಷ್ಟು ಹಳೆಯದೆಂದು ಗೊತ್ತಾಯಿತು. ಅದಕ್ಕೆ ಏನೂ ಆಗಿರಲಿಲ್ಲ. ಮಣ್ಣಿನ ಗಾರೆಯ ಇಟ್ಟಿಗೆ ಗೋಡೆಗಳು ನೆಲದೊಳಗೆ ಚೌಕಚೌಕವಾಗಿ ಹೆಣೆದುಕೊಂಡು ಗಟ್ಟಿಯಾಗಿದ್ದವು. ಕೊರತೆ ಇದ್ದದ್ದು ಮೇಲೆ: ನಡುವಿನ ನಾಲ್ಕು ಮಹಾಕಂಬಗಳಲ್ಲಿ ಒಂದು ತನ್ನ ಪೀಠದ ಕಲ್ಲಿಗೆ ಸರಿಯಾಗಿ ಕೂಡಿಕೊಂಡಿರಲಿಲ್ಲ. ಹಳೆಯ ಬುನಾದಿಯನ್ನು ಕಿತ್ತು ಕಾಂಕ್ರೀಟ್ ಸುರಿದಿದ್ದರೆ ಕೆಡದೆ ಇದ್ದದ್ದನ್ನು ಕೆಡಿಸಿದಂತಾಗುತ್ತಿತ್ತು. ಸ್ಥಳೀಯರೇ ಮುಂದೆ ನಿಂತು ಅದೇ ಬುನಾದಿಯ ಮೇಲೆ, ಅದೇ ಬಗೆಯ ಮರ ಇಟ್ಟಿಗೆಗಳಿಂದ ಮಂಟಪವನ್ನು ಎತ್ತಿದರು. 2022ರಲ್ಲಿ ಅದು ಮುಗಿಯಿತು.

ಅಲ್ಲಿಗೆ ಸ್ವಲ್ಪ ದೂರದ ರಾಣಿ ಪೋಖರಿ ಕೆರೆಯ ನಡುವಿನ ಗುಡಿಗೆ ಕಾಂಕ್ರೀಟ್ ಕಂಬ ಹಾಕಲು ಹೊರಟಾಗ ಜನ ಬೀದಿಗಿಳಿದು ತಡೆದರು, ಎದ್ದಿದ್ದ ಕಾಂಕ್ರೀಟನ್ನು ತೆಗೆಸಿದರು. ಈ ಹಟ ಬರೀ ಭಾವುಕತೆ ಎಂದು ನನಗೆ ಅನಿಸುವುದಿಲ್ಲ. ಭಕ್ತಪುರದ ನ್ಯಾತಪೋಲ ಗುಡಿಯನ್ನು ಅವರು ದಿನಾ ನೋಡುತ್ತಾರೆ. 1702ರಲ್ಲಿ ಕಟ್ಟಿದ ಐದಂತಸ್ತಿನ ಆ ಗುಡಿ 1934ರ ಮಹಾಕಂಪನವನ್ನೂ 2015ರದನ್ನೂ ಮೇಲ್ಭಾಗದ ಪೆಟ್ಟುಗಳೊಂದಿಗೆ ದಾಟಿ ನಿಂತಿದೆ. ಅಗಲವಾದ ಮೆಟ್ಟಿಲು ಜಗಲಿ, ನಾಲ್ಕೂ ಕಡೆ ಸಮನಾದ ಆಕಾರ, ಮೇಲೇರಿದಂತೆ ಕಿರಿದಾಗುವ ಅಂತಸ್ತು, ಇಟ್ಟಿಗೆ ಗೋಡೆಯ ನಡುನಡುವೆ ಓಡುವ ಮರದ ಪಟ್ಟಿಗಳು. ಕಾಶ್ಮೀರದಿಂದ ಹಿಮಾಚಲ, ಉತ್ತರಾಖಂಡದ ತನಕ ಹಿಮಾಲಯದ ಊರುಗಳಲ್ಲಿ ಕಲ್ಲಿನ ನಡುವೆ ಹೀಗೆ ಮರ ಹೆಣೆಯುವ ಪದ್ಧತಿಗಳಿವೆ. ಅವು ಅಲಂಕಾರಕ್ಕಾಗಿ ಹುಟ್ಟಿದವಲ್ಲ, ಹಿಂದಿನ ಭೂಕಂಪಗಳಿಂದ ಮೇಸ್ತ್ರಿಗಳು ಕಲಿತದ್ದು.

ಹಣವಿರುವ ದೇಶಗಳಿಗೆ ಇನ್ನೊಂದು ದಾರಿಯಿದೆ. ಅಮೆರಿಕದ ಸಾಲ್ಟ್ ಲೇಕ್ ನಗರದ 1894ರ ಕಲ್ಲಿನ ಆಡಳಿತ ಭವನವನ್ನು ಬುಡದಲ್ಲಿ ಬಿಡಿಸಿ ರಬ್ಬರ್ ಮತ್ತು ಸೀಸದ ನಾನೂರಕ್ಕೂ ಹೆಚ್ಚು ದಿಂಬುಗಳ ಮೇಲೆ ಕೂರಿಸಿದರು. 1989ರಲ್ಲಿ ಮುಗಿದ ಈ ಕೆಲಸ ಪರಂಪರೆಯ ಕಟ್ಟಡವೊಂದಕ್ಕೆ ಇಂಥ ದಿಂಬು ಹಾಕಿದ್ದರಲ್ಲಿ ಜಗತ್ತಿಗೇ ಮೊದಲನೆಯದು. ನೆಲ ಓಡಾಡುತ್ತದೆ, ಕಟ್ಟಡ ಮೇಲೆ ನಿಧಾನಕ್ಕೆ ತೂಗುತ್ತದೆ. ಗೋಡೆಗಳನ್ನು ಮುಟ್ಟದೆ ಉಳಿಸುವ ಉಪಾಯ. ಖರ್ಚು ನೋಡಿದರೆ ದೇಶಕ್ಕೆ ಬೆರಳೆಣಿಕೆಯ ಕಟ್ಟಡಗಳಿಗೆ ಮಾತ್ರ.

ಖರ್ಚು ತೀರಾ ಕಡಿಮೆಯ ತುದಿಯಲ್ಲಿ ಇನ್ನೊಂದು ಕೆಲಸವಿದೆ, ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ. ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ 2011ರ ಫೆಬ್ರವರಿ 22ರಂದು ಸತ್ತ 185 ಜನರಲ್ಲಿ ಸುಮಾರು 40 ಮಂದಿ ಹಳೆಯ ಇಟ್ಟಿಗೆ ಕಟ್ಟಡಗಳಿಂದ ಕಳಚಿ ಬಿದ್ದ ಭಾಗಗಳಿಗೆ ಬಲಿಯಾದವರು. ಅವರಲ್ಲಿ ಬಹಳ ಮಂದಿ ಒಳಗಿದ್ದವರಲ್ಲ, ಬೀದಿಯಲ್ಲಿ ನಡೆಯುತ್ತಿದ್ದವರು, ಬಸ್ಸಿನಲ್ಲಿ ಕೂತಿದ್ದವರು. ಮಾಳಿಗೆಯ ಅಂಚಿನ ಕೈಪಿಡಿಗೋಡೆ, ಮುಖದ ಮೇಲಿನ ತ್ರಿಕೋನ, ಹೊಗೆಗೂಡು ಇವುಗಳಿಗೆ ಹಿಂದಿನಿಂದ ಹಿಡಿದುಕೊಳ್ಳುವವರೇ ಇರುವುದಿಲ್ಲ, ಮೊದಲು ಬೀಳುವುದು ಅವೇ. ಪ್ರತಿಯೊಂದಕ್ಕೂ ಹಿಂದೆ ಮಾಡಿಗೆ ಒಂದೊಂದು ಸರಳು ಕಟ್ಟಿದರೆ ಸಾಕು. ಇಡೀ ಕಟ್ಟಡವನ್ನು ಗಟ್ಟಿ ಮಾಡಲು ದುಡ್ಡಿಲ್ಲದವರು ಇಷ್ಟನ್ನಾದರೂ ಮಾಡಬಹುದು. ನಮ್ಮ ಊರುಗಳ ಪೇಟೆಬೀದಿಯಲ್ಲಿ, ಹಳೆಯ ಶಾಲೆಗಳ ಮುಂಬಾಗಿಲಿನ ಮೇಲೆ ಇಂಥ ಕಟ್ಟೆಗಳು ಎಷ್ಟಿಲ್ಲ!

ಕರ್ನಾಟಕಕ್ಕೆ ಇದೆಲ್ಲ ಯಾಕೆ ಎಂದು ಕೇಳುವವರಿದ್ದಾರೆ. 1993ಕ್ಕೆ ಮುಂಚೆ ಕಿಲ್ಲಾರಿಯೂ ದೇಶದ ಅತಿ ಕಡಿಮೆ ಅಪಾಯದ ಒಂದನೇ ವಲಯದಲ್ಲಿತ್ತು. ಆ ದುರಂತದ ನಂತರ, 2002ರ ನಕ್ಷೆಯಲ್ಲಿ, ಒಂದನೇ ವಲಯವೆಂಬುದನ್ನೇ ತೆಗೆದುಹಾಕಿದರು. ಅದೇ ನಕ್ಷೆಯಲ್ಲಿ ವಿಜಯಪುರ, ಬೆಳಗಾವಿ, ಧಾರವಾಡ, ಕಾರವಾರ, ಮಂಗಳೂರು ಮೂರನೇ ವಲಯದಲ್ಲಿದ್ದವು. 1967ರಲ್ಲಿ ಮಹಾರಾಷ್ಟ್ರದ ಕೊಯ್ನಾ ನಡುಗಿದ್ದು ನಮ್ಮ ಗಡಿಯಿಂದ ದೂರವಲ್ಲ. 2021ರಲ್ಲಿ ಕಲಬುರಗಿ ಜಿಲ್ಲೆ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದ ಜನ ಪದೇ ಪದೇ ಬಂದ ಸಣ್ಣ ಕಂಪನಗಳಿಗೆ ಹೆದರಿ ಮನೆ ಬಿಟ್ಟು ಬಯಲಲ್ಲಿ ಮಲಗಿದರು. ಅವರು ಹೆದರಿದ್ದು ನೆಲಕ್ಕಲ್ಲ, ತಲೆಯ ಮೇಲಿನ ಮಾಳಿಗೆಗೆ.

ನಮ್ಮಲ್ಲಿ ತಿಳಿವಳಿಕೆಗೆ ಕೊರತೆಯಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಕೆ. ಎಸ್. ಜಗದೀಶ್ ಮತ್ತು ಸಂಗಡಿಗರು ಗುಜರಾತಿನ ಭುಜ್ ಭೂಕಂಪದಲ್ಲಿ ಗೋಡೆಗಳು ಹೇಗೆ ಬಿದ್ದವು ಎಂದು ಹೋಗಿ ನೋಡಿ ಬರೆದರು. ಇಟ್ಟಿಗೆ ಮನೆಯ ಕಿರು ಮಾದರಿಗಳನ್ನು ಕಟ್ಟಿ, ಅಲುಗುವ ಮೇಜಿನ ಮೇಲಿಟ್ಟು ಗುದ್ದಿ ಪರೀಕ್ಷಿಸಿದರು. ಗೋಡೆಯ ಎರಡೂ ಮುಖಗಳಿಗೆ ತೆಳುವಾದ ಉದ್ದುದ್ದ ಸರಳು ನಿಲ್ಲಿಸಿ ಗೋಡೆಯ ಮೂಲಕ ಒಂದಕ್ಕೊಂದು ಕಟ್ಟಿದರೆ, ಗೋಡೆ ಬಿರುಕು ಬಿಟ್ಟರೂ ಮಗುಚಿ ಬೀಳುವುದಿಲ್ಲ ಎಂದು ತೋರಿಸಿದರು. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2017ರಲ್ಲಿ ಪರಂಪರೆಯ ತಾಣಗಳಿಗೆಂದೇ ಮಾರ್ಗಸೂಚಿ ತಂದಿದೆ.

ಕೊರತೆ ಇರುವುದು ದಿನನಿತ್ಯದ ಆರೈಕೆಯಲ್ಲಿ. 2024ರ ಮೇ ತಿಂಗಳಲ್ಲಿ ಹಂಪಿಯ ವಿರೂಪಾಕ್ಷ ಗುಡಿಯ ಎದುರಿನ ಸಾಲುಮಂಟಪದ ಒಂದು ಭಾಗ ಮಳೆಗೆ ಕುಸಿಯಿತು. ಭೂಕಂಪವೇ ಬೇಕಾಗಲಿಲ್ಲ. ನೀರು ಸಂದಿಗಿಳಿದು ಬುಡದ ಮಣ್ಣು ಮೆತ್ತಗಾದರೆ, ಗಾರೆ ತೊಳೆದು ಹೋದರೆ, ಅರಳಿ ಸಸಿ ಬೇರುಬಿಟ್ಟು ಕಲ್ಲಿನಿಂದ ಕಲ್ಲನ್ನು ಬೇರೆ ಮಾಡಿದರೆ ಕಟ್ಟಡ ಆಗಲೇ ಅರ್ಧ ಬಿಚ್ಚಿಕೊಂಡಿರುತ್ತದೆ. ಸಂರಕ್ಷಿತ ಸ್ಮಾರಕಗಳಿಗಾದರೂ ಕೇಳುವವರಿದ್ದಾರೆ. ಪಟ್ಟಿಯಲ್ಲಿ ಇಲ್ಲದ ವಾಡೆಗಳು, ಮಠಗಳು, ಕಲ್ಲಿನ ಶಾಲೆಗಳು, ಜನ ಇವತ್ತಿಗೂ ಒಳಗೆ ಮಲಗುವ ಮಾಳಿಗೆ ಮನೆಗಳು ಇವುಗಳ ಗಣತಿಯನ್ನಾದರೂ ಗ್ರಾಮ ಪಂಚಾಯಿತಿಗಳ ಮೂಲಕ ಮಾಡಿಸಬೇಕು. ಗೋಡೆ ಉಬ್ಬಿದೆಯೇ, ಮೂಲೆ ಬಿಟ್ಟಿದೆಯೇ, ಮಾಳಿಗೆಯ ಮೇಲೆ ಎಷ್ಟು ಮಣ್ಣಿದೆ ಎಂದು ಬರೆದುಕೊಳ್ಳಲು ಎಂಜಿನಿಯರೇ ಬೇಕಿಲ್ಲ.

ಇನ್ನೊಂದು ಅಡ್ಡಿ ಗುತ್ತಿಗೆಯ ಲೆಕ್ಕದಲ್ಲಿದೆ. ಕಾಂಕ್ರೀಟಿನ ಬಿಲ್ಲು ಘನಮೀಟರಿನಲ್ಲಿ ಆಗುತ್ತದೆ, ಹೆಚ್ಚು ಸುರಿದವನಿಗೆ ಹೆಚ್ಚು ಹಣ. ಹಾರೆಯಿಂದ ಮೆಲ್ಲಗೆ ಕಲ್ಲು ಬಿಡಿಸಿ, ಕಿಂಡಿ ಮಾಡಿ, ಒಂದೆರಡು ಬಾಂಡಲಿ ತುಂಬಿ, ಸುಣ್ಣದ ಗಾರೆ ಹದ ಮಾಡಿ ಸಂದು ಮುಚ್ಚುವ ಗೌಂಡಿಯ ಕೆಲಸದಲ್ಲಿ ಸಾಮಗ್ರಿ ಸ್ವಲ್ಪ, ಕೈಕೆಲಸ ಬಹಳ. ಹಳೆಯ ಗೋಡೆಯನ್ನು ಉಳಿಸುವುದು ಈ ಎರಡನೆಯ ಕೆಲಸ. ದರಪಟ್ಟಿಯಲ್ಲಿ ಅದಕ್ಕೆ ಕಿಂಡಿಗೆ ಇಷ್ಟು, ಸರಳಿಗೆ ಇಷ್ಟು, ಇಳಿಸಿದ ಮಣ್ಣಿಗೆ ಇಷ್ಟು ಎಂದು ನ್ಯಾಯವಾದ ಕೂಲಿ ನಿಗದಿಯಾಗಬೇಕು. ಬೀದರ್, ಕಲಬುರಗಿ, ವಿಜಯಪುರದಲ್ಲಿ ಸುಣ್ಣದ ಗಾರೆ ಬಲ್ಲ ಗೌಂಡಿಗಳು ಇನ್ನೂ ಸಿಗುತ್ತಾರೆ, ಅವರ ಕೈಕೆಳಗೆ ಹುಡುಗರನ್ನು ಬಿಟ್ಟು ಕಲಿಸಬೇಕು. ಮಾಳಿಗೆಯ ಮಣ್ಣು ಇಳಿಸಲು ಹೊತ್ತು ಬೇಸಿಗೆ, ಮುಂಗಾರು ಶುರುವಾಗುವ ಮೊದಲು. ಒಂದೇ ಬದಿಯಿಂದ ತೆಗೆದರೆ ಭಾರ ಓರೆಯಾಗುತ್ತದೆ, ಆದ್ದರಿಂದ ಎರಡೂ ಕಡೆಯಿಂದ ಸಮನಾಗಿ ತೆಗೆಯುತ್ತ ಬರಬೇಕು. ತೆಗೆದ ಮಣ್ಣನ್ನು ಗೋಡೆಯ ಬುಡಕ್ಕೆ ಒಟ್ಟದೆ ದೂರ ಸಾಗಿಸಬೇಕು, ಇಲ್ಲದಿದ್ದರೆ ಮೊದಲ ಮಳೆಗೆ ನೀರೆಲ್ಲ ಬುನಾದಿಗೆ ಇಳಿಯುತ್ತದೆ.